ಬಾಡಿಗೆಗಿಂತ ಮೊದಲು ಹೊಣೆಯ ಲೆಕ್ಕ

ವಿದೇಶದಲ್ಲಿ ತಾವೇ ಕಾರು ಓಡಿಸಿಕೊಂಡು ಸುತ್ತಾಡಬೇಕು ಎನ್ನುವವರು ನನ್ನ ಬಳಿ ಮೊದಲು ಕೇಳುವುದು, 'ದಿನಕ್ಕೆ ಬಾಡಿಗೆ ಎಷ್ಟಾಗುತ್ತೆ?' ಎಂದು. ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಕಾರು ಓಡಿಸಿ ಬಂದ ಮೇಲೆ ನಾನು ಅವರಿಗೆ ಹೇಳುವುದಿಷ್ಟು: 'ಏನಾದರೂ ಆದರೆ ನನ್ನ ಕೈಯಿಂದ ಎಷ್ಟು ಹೋಗುತ್ತೆ ಅಂತ ಮೊದಲು ಕೇಳಿ.' ಪ್ಯಾಕೇಜ್ ಟೂರಿನಲ್ಲಿ ಗಾಡಿ, ಚಾಲಕ, ಪಂಕ್ಚರು, ಒಡೆದ ಗಾಜು ಎಲ್ಲವೂ ಟೂರ್ ಕಂಪನಿಯ ತಲೆನೋವು. ಸ್ಟೀರಿಂಗ್ ಹಿಡಿದ ಕ್ಷಣದಿಂದ ಅದು ನಮ್ಮದು. ಆ ಹೊಣೆಗೆ ಬೆಲೆ ಕಟ್ಟಿದ ಮೇಲಷ್ಟೇ ಸೆಲ್ಫ್ ಡ್ರೈವ್ ಅಗ್ಗವೋ ದುಬಾರಿಯೋ ಹೇಳಲು ಸಾಧ್ಯ.

ಮೊದಲ ಸಲ ಹೋಗುವವರಿಗೆ ನಾನು ನ್ಯೂಜಿಲೆಂಡನ್ನೇ ಸೂಚಿಸುತ್ತೇನೆ. ಅಲ್ಲೂ ನಮ್ಮ ಹಾಗೆ ರಸ್ತೆಯ ಎಡಬದಿಯಲ್ಲೇ ಗಾಡಿ ಓಡಿಸುತ್ತಾರೆ. ಇಂಗ್ಲಿಷಿನಲ್ಲಿರುವ ನಮ್ಮ ಲೈಸೆನ್ಸ್ ಪ್ರವಾಸಿಗರಿಗೆ ನಡೆಯುತ್ತದೆ. ಆದರೂ ಆರ್‌ಟಿಒದಿಂದ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿ ಜೊತೆಗಿಟ್ಟುಕೊಳ್ಳುವುದು ಒಳ್ಳೆಯದು. ಅದು ಒಂದು ವರ್ಷ ಚಾಲ್ತಿಯಲ್ಲಿರುತ್ತದೆ.

ಬುಕಿಂಗ್‌ಗೆ ಒಂದು ಕ್ರಮವಿರಲಿ. ವೀಸಾ ಕೈಗೆ ಬರುವವರೆಗೆ ಹಣ ವಾಪಸ್ ಬಾರದ ಯಾವ ಬುಕಿಂಗನ್ನೂ ಮಾಡಬೇಡಿ. ಉಚಿತವಾಗಿ ರದ್ದು ಮಾಡಬಹುದಾದ ಕಾರು, ಹೋಟೆಲುಗಳು ಧಾರಾಳವಾಗಿ ಸಿಗುತ್ತವೆ. ವೀಸಾ ಶುಲ್ಕದ ಜೊತೆ ಪ್ರವಾಸಿಗರ ಮೇಲಿನ ವಿಶೇಷ ಲೆವಿಯೂ ಇದೆ. 2024ರ ಅಕ್ಟೋಬರಿನಲ್ಲಿ ಅದನ್ನು 35ರಿಂದ 100 ನ್ಯೂಜಿಲೆಂಡ್ ಡಾಲರಿಗೆ ಏರಿಸಿದರು. ಲೆಕ್ಕಕ್ಕೆ ಡಾಲರಿಗೆ 50 ರೂಪಾಯಿ ಎಂದು ಹಿಡಿದರೆ ತಲೆಗೆ ಐದು ಸಾವಿರ. ಅಲ್ಲಿ ಡಿಸೆಂಬರಿನಿಂದ ಫೆಬ್ರುವರಿವರೆಗೆ ಬೇಸಿಗೆ, ಎಲ್ಲದಕ್ಕೂ ಗರಿಷ್ಠ ದರ. ಮಕ್ಕಳ ಪರೀಕ್ಷೆ ಮುಗಿಸಿಕೊಂಡು ಏಪ್ರಿಲ್‌ನಲ್ಲಿ ಹೊರಟರೆ ದರವೂ ಇಳಿದಿರುತ್ತದೆ, ಆ್ಯರೋಟೌನಿನ ಮರಗಳೆಲ್ಲ ಹಳದಿ ಬಣ್ಣಕ್ಕೆ ತಿರುಗಿರುತ್ತವೆ.

ಇನ್ನು ಕಾರಿನ ವಿಷಯ. ಕ್ರೈಸ್ಟ್‌ಚರ್ಚ್‌ನಲ್ಲಿ ಬಾಡಿಗೆ ಕೌಂಟರಿನ ಹುಡುಗಿ ಟ್ಯಾಬ್ಲೆಟ್ಟನ್ನು ನಮ್ಮ ಕಡೆ ತಿರುಗಿಸಿ ಸಹಿ ಕೇಳಿದಳು. ನಾನು ನಿಧಾನವಾಗಿ ಓದಿದ್ದು ಎಕ್ಸೆಸ್ ಎಂಬ ಒಂದೇ ಸಾಲನ್ನು. ಅಪಘಾತವಾದರೆ ವಿಮೆ ಇದ್ದರೂ ಮೊದಲು ನಾವು ಕೊಡಬೇಕಾದ ಮೊತ್ತ ಅದು. ಮೂರು, ನಾಲ್ಕು ಸಾವಿರ ಡಾಲರ್ ಇರುವುದು ಸಾಮಾನ್ಯ. ನಾಲ್ಕು ಸಾವಿರ ಎಂದರೆ ನಮ್ಮ ಎರಡು ಲಕ್ಷ ರೂಪಾಯಿ. ದಿನಕ್ಕೆ 30 ಡಾಲರ್ ಹೆಚ್ಚು ಕೊಟ್ಟರೆ ಎಕ್ಸೆಸ್ ಸೊನ್ನೆಯಾಗುತ್ತದೆ ಎಂದಿಟ್ಟುಕೊಳ್ಳಿ. ಹತ್ತು ದಿನಕ್ಕೆ 15 ಸಾವಿರ ರೂಪಾಯಿ. ನಾನು ಅದನ್ನು ಕಣ್ಣುಮುಚ್ಚಿ ಕೊಡುತ್ತೇನೆ. ಹೊರಗಿನ ವಿಮಾ ಕಂಪನಿಗಳ ಎಕ್ಸೆಸ್ ಪಾಲಿಸಿ ಅಗ್ಗವೇನೋ ಹೌದು. ಆದರೆ ಅಲ್ಲಿ ಮೊದಲು ನಾವು ಕಟ್ಟಿ, ಆಮೇಲೆ ಕ್ಲೇಮ್ ಮಾಡಬೇಕು.

ಸೊನ್ನೆ ಎಕ್ಸೆಸ್ ಎಂದ ಮಾತ್ರಕ್ಕೆ ಎಲ್ಲವೂ ಅದರಲ್ಲಿ ಬಂತು ಎಂದುಕೊಳ್ಳಬೇಡಿ. ಗಾಜು, ಟೈರು, ಕಾರಿನ ಅಡಿಭಾಗ ಸೇರಿವೆಯೇ ಕೇಳಿ. ಹೊಸದಾಗಿ ಡಾಂಬರು ಹಾಕಿದ ಕಡೆ ಮುಂದಿನ ಗಾಡಿಯ ಚಕ್ರದಿಂದ ಸಿಡಿದ ಜಲ್ಲಿಕಲ್ಲು ಗಾಜಿಗೆ ಬಡಿಯುವುದು ಅಲ್ಲಿ ಮಾಮೂಲು. ಕ್ವೀನ್ಸ್‌ಟೌನ್ ಹತ್ತಿರದ ಸ್ಕಿಪ್ಪರ್ಸ್ ರಸ್ತೆಯಂಥ ಕೆಲವು ದಾರಿಗಳಿಗೆ ಇಳಿದರೆ ಸಾಮಾನ್ಯವಾಗಿ ವಿಮೆಯೇ ಅನ್ವಯಿಸುವುದಿಲ್ಲ. ಕೀಲಿ ಕೈಗೆ ಬಂದ ಕೂಡಲೇ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ನಾವು ಹಾಗೆ ಮಾಡಿದಾಗ ಹಿಂದಿನ ಬಂಪರಿನ ಕೆಳಗೆ ಬೆರಳುದ್ದದ ಗೀರು ಕಂಡಿತು. ಅದನ್ನು ಅಲ್ಲೇ ಒಪ್ಪಂದದ ಪತ್ರದಲ್ಲಿ ಬರೆಸಿದ್ದರಿಂದ ಕಾರು ಹಿಂದಿರುಗಿಸುವಾಗ ಒಂದು ಮಾತೂ ಏಳಲಿಲ್ಲ.

ಠೇವಣಿಯನ್ನು ಹೆಚ್ಚಿನ ಕಂಪನಿಗಳು ಕೇಳುವುದು ಮುಖ್ಯ ಚಾಲಕನ ಹೆಸರಿನ ಕ್ರೆಡಿಟ್ ಕಾರ್ಡಿನಲ್ಲೇ. ಎಕ್ಸೆಸ್‌ನಷ್ಟೇ ಮೊತ್ತ, ಅಂದರೆ ಎರಡು ಲಕ್ಷ, ಬ್ಲಾಕ್ ಆದರೆ ಹೋಟೆಲಿಗೆ ಆ ಕಾರ್ಡಿನಲ್ಲಿ ಏನು ಉಳಿಯುತ್ತದೆ? ಎರಡನೆಯ ಕಾರ್ಡ್ ಇರಲೇಬೇಕು. ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶಿ ಬಳಕೆಯನ್ನು ಊರಲ್ಲೇ ಆನ್ ಮಾಡಿಕೊಂಡು ಹೊರಡಿ. ಠೇವಣಿಯನ್ನು ಬರೀ ಬ್ಲಾಕ್ ಮಾಡುತ್ತಾರೋ ಕಡಿತವನ್ನೇ ಮಾಡುತ್ತಾರೋ ಎಂದೂ ಕೇಳಿ. ಕಡಿತ ಮಾಡಿ ವಾಪಸ್ ಕೊಟ್ಟರೆ ವಿನಿಮಯ ದರದ ವ್ಯತ್ಯಾಸ ನಮ್ಮ ಪಾಲಿಗೆ. ಅನೇಕ ಕಾರ್ಡುಗಳಲ್ಲಿ ಫಾರೆಕ್ಸ್ ಮಾರ್ಕಪ್ ಶೇ 3.5, ಅದರ ಮೇಲೆ ಶೇ 18ರ ಜಿಎಸ್‌ಟಿ. ಎರಡೂ ಸೇರಿ ಶೇ 4 ದಾಟುತ್ತದೆ. ಸ್ವೈಪ್ ಯಂತ್ರ 'ರೂಪಾಯಿಯಲ್ಲಿ ಕೊಡುವಿರಾ?' ಎಂದು ಕೇಳಿದರೆ ಬೇಡವೆನ್ನಿ, ಡಾಲರನ್ನೇ ಆರಿಸಿ.

ಈಗ ದಾರಿಯ ಲೆಕ್ಕ. ಕ್ರೈಸ್ಟ್‌ಚರ್ಚ್‌ನಿಂದ ಟೆಕಾಪೊ, ಮೌಂಟ್ ಕುಕ್, ಕ್ವೀನ್ಸ್‌ಟೌನ್, ಟೆ ಅನಾವ್ ಮೂಲಕ ಮಿಲ್ಫರ್ಡ್ ಸೌಂಡ್ ನೋಡಿ ಹಿಂತಿರುಗಲು ಸುಮಾರು 1,600 ಕಿ.ಮೀ. ನೂರು ಕಿ.ಮೀ.ಗೆ ಎಂಟು ಲೀಟರ್, ಲೀಟರಿಗೆ 2.75 ಡಾಲರ್ ಎಂದು ಹಿಡಿದರೆ ಪೆಟ್ರೋಲಿಗೆ 352 ಡಾಲರ್, ಅಂದರೆ 17,600 ರೂಪಾಯಿ. ಡೀಸೆಲ್ ಅಗ್ಗ ಎಂದು ಡೀಸೆಲ್ ಗಾಡಿಯತ್ತ ಕೈ ಚಾಚುವ ಮುನ್ನ ನೋಡಿ: ಅಲ್ಲಿ ಡೀಸೆಲ್ ಗಾಡಿಗಳಿಗೆ ಓಡಿದ ಕಿಲೋಮೀಟರಿನ ಲೆಕ್ಕದಲ್ಲಿ ಪ್ರತ್ಯೇಕ ರಸ್ತೆ ಶುಲ್ಕವಿದ್ದು, ಬಾಡಿಗೆ ಕಂಪನಿಗಳು ಅದನ್ನು ನಮ್ಮಿಂದಲೇ ವಸೂಲಿ ಮಾಡುತ್ತವೆ. ಏಳು ವರ್ಷದೊಳಗಿನ ಮಕ್ಕಳಿಗೆ ಚೈಲ್ಡ್ ಸೀಟ್ ಕಡ್ಡಾಯ, ಅದಕ್ಕೂ ಬಾಡಿಗೆ ಇದೆ. ಕ್ವೀನ್ಸ್‌ಟೌನಿನಿಂದ ಮಿಲ್ಫರ್ಡ್‌ಗೆ ಹೋಗಿ ಒಂದೇ ದಿನದಲ್ಲಿ ಮರಳಿದರೆ ಎಂಟು ಗಂಟೆ ಡ್ರೈವಿಂಗೇ ಆಗುತ್ತದೆ. ಟೆ ಅನಾವ್‌ನಲ್ಲಿ ಒಂದು ರಾತ್ರಿ ತಂಗುವ ಖರ್ಚು ಸಾರ್ಥಕ. ದಣಿದ ಚಾಲಕನಿಗಿಂತ ದೊಡ್ಡ ಅಪಾಯ ಆ ಬೆಟ್ಟದ ದಾರಿಯಲ್ಲಿಲ್ಲ.

ಉಳಿತಾಯಕ್ಕೆ ಜಾಗ ಇರುವುದು ಊಟದಲ್ಲಿ. ಅಡುಗೆ ಸೌಲಭ್ಯವಿರುವ ಮೋಟೆಲ್‌ಗಳು ಊರೂರಲ್ಲೂ ಇವೆ. ಸೂಪರ್‌ಮಾರ್ಕೆಟ್ಟಿನ ಅಕ್ಕಿ, ತರಕಾರಿಗೆ ಮನೆಯ ಸಾರಿನಪುಡಿ ಬಿದ್ದರೆ ನಾಲ್ಕು ಜನರ ಹೋಟೆಲ್ ಬಿಲ್ ಉಳಿಯಿತು. ಆದರೆ ಬ್ಯಾಗಿನಲ್ಲಿರುವ ಪುಡಿ, ಉಪ್ಪಿನಕಾಯಿ, ಚಕ್ಕುಲಿ ಎಲ್ಲವನ್ನೂ ವಿಮಾನ ನಿಲ್ದಾಣದ ಘೋಷಣೆಯಲ್ಲಿ ತಪ್ಪದೆ ನಮೂದಿಸಿ. ಘೋಷಿಸದ ಆಹಾರ ಸಿಕ್ಕಿಬಿದ್ದರೆ ಸ್ಥಳದಲ್ಲೇ 400 ಡಾಲರ್ ದಂಡ.

ಪ್ರಯಾಣ ವಿಮೆಯಲ್ಲಿ ಮಾತ್ರ ಜಿಪುಣತನ ಬೇಡ. ಅಪಘಾತದ ಗಾಯಕ್ಕೆ ಆ ದೇಶದ ಸರ್ಕಾರಿ ಯೋಜನೆಯಾದ ಎಸಿಸಿ ಪ್ರವಾಸಿಗರಿಗೂ ಚಿಕಿತ್ಸೆಯ ನೆರವು ಕೊಡುತ್ತದೆ. ಕಾಯಿಲೆಗೆ ಕೊಡುವುದಿಲ್ಲ. ಅಪ್ಪ ಅಮ್ಮನನ್ನು ಕರೆದೊಯ್ಯುವವರು ಇದನ್ನು ಮರೆಯಬಾರದು.

ಎಲ್ಲವನ್ನೂ ಕೂಡಿಸಿ ದಿನಗಳಿಂದ ಭಾಗಿಸಿ, ಪ್ಯಾಕೇಜಿನ ದರದ ಪಕ್ಕದಲ್ಲಿಟ್ಟು ನೋಡಿ. ವ್ಯತ್ಯಾಸ ಅಲ್ಪವಾದರೆ ನನ್ನ ಮತ ಸೆಲ್ಫ್ ಡ್ರೈವ್‌ಗೆ. ಬೇಕೆಂದಲ್ಲಿ ನಿಲ್ಲುವ ಸ್ವಾತಂತ್ರ್ಯಕ್ಕೆ ಅಷ್ಟು ಕೊಡಬಹುದು. ಆದರೆ ಎಕ್ಸೆಸ್‌ನ ಮೊತ್ತ ಮನೆಯ ತುರ್ತು ನಿಧಿಗೆ ಕೈ ಹಾಕಿಸುವಷ್ಟಿದ್ದರೆ ಪೂರ್ಣ ವಿಮೆ ಕೊಂಡೇ ಹೊರಡಿ. ಅದಕ್ಕೆ ಹಣ ಸಾಲದಿದ್ದರೆ ಪ್ರವಾಸವನ್ನು ಮುಂದಿನ ವರ್ಷಕ್ಕೆ ಇಟ್ಟುಕೊಂಡು, ಈ ತಿಂಗಳಿಂದಲೇ ಅದಕ್ಕೊಂದು ಆರ್‌ಡಿ ಶುರುಮಾಡಿ.