ಎಳೆಗೂಸಿನ ಮೂತ್ರಪಿಂಡಗಳಿಗೆ ಬರುವ ವಂಶಪಾರಂಪರ್ಯ ರೋಗಗಳು

ದಂಪತಿಗಳೇ,

ಅಕ್ಕನ ಮಗಳನ್ನು ಸೋದರಮಾವನಿಗೆ ಕೊಡುವುದು, ಸೋದರತ್ತೆಯ ಮಗಳನ್ನು ತಂದುಕೊಳ್ಳುವುದು ಮಟಮಾರಿ, ಮಾನ್ವಿ, ದೇವದುರ್ಗದ ಕಡೆ ಹಿಂದಿನಿಂದ ಬಂದ ರೂಢಿ. 1980ರಿಂದ 1989ರವರೆಗೆ ಬೆಂಗಳೂರು ಮತ್ತು ಮೈಸೂರಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ವಿವರ ಸಂಗ್ರಹಿಸಿದಾಗ, ಸುಮಾರು ಮೂರರಲ್ಲಿ ಒಂದು ಕೂಸು ರಕ್ತಸಂಬಂಧಿಗಳ ಮದುವೆಯಿಂದ ಹುಟ್ಟಿದ್ದಾಗಿತ್ತು. ಇಂಥ ಮಕ್ಕಳಲ್ಲಿ ಬಹುಪಾಲು ಆರೋಗ್ಯವಾಗಿಯೇ ಇರುತ್ತಾರೆ. ಆದರೆ ಕೆಲವು ಮನೆಗಳಲ್ಲಿ ಒಂದು ಕೂಸು ಮೈ ಬಾತು ತೀರಿಕೊಳ್ಳುತ್ತದೆ. ಮುಂದಿನದೂ ಹಾಗೆಯೇ ಆಗುತ್ತದೆ. ಆಗ ಸೊಸೆಯ ಕಾಲ್ಗುಣವನ್ನು ದೂರುವುದು ಅನ್ಯಾಯ.

ರೋಗ ಬರುವ ಬಗೆ

ಶರೀರದ ಕಾರ್ಯಗಳನ್ನು ನಿರ್ಧರಿಸುವ ವಂಶವಾಹಿಗಳು ಜೋಡಿಯಾಗಿರುತ್ತವೆ. ಒಂದು ತಂದೆಯಿಂದ, ಒಂದು ತಾಯಿಯಿಂದ. ಈ ರೋಗಗಳಲ್ಲಿ ಹೆಚ್ಚಿನವುಗಳಿಗೆ ಕಾರಣವಾದ ವಂಶವಾಹಿ ಒಂದೇ ಕೆಟ್ಟಿದ್ದರೆ ತೊಂದರೆಯಿಲ್ಲ. ಎರಡೂ ಕೆಟ್ಟವೇ ಕೂಸಿಗೆ ಬಂದರೆ ರೋಗ ತಲೆದೋರುತ್ತದೆ. ಒಂದೇ ಅಜ್ಜ-ಅಜ್ಜಿಯ ದೋಷವು ಬಂಧುಗಳಿಬ್ಬರಲ್ಲಿಯೂ ಅಡಗಿರುವ ಸಂಭವ ಹೆಚ್ಚು.

ಚೌಕಾಬಾರ ಆಡಲು ಇಬ್ಭಾಗ ಮಾಡಿದ ಹುಣಸೆ ಬೀಜಗಳನ್ನು ನೀವು ಬಲ್ಲಿರಿ. ಅಂಥ ಎರಡು ಹೋಳುಗಳಲ್ಲಿ ಒಂದು ತಂದೆಯದು, ಒಂದು ತಾಯಿಯದು, ಬಿಳಿ ಮಗ್ಗುಲೇ ದೋಷ ಎಂದು ತಿಳಿಯಿರಿ. ಎಸೆದಾಗ ಎರಡೂ ಬಿಳಿಯಾಗಿ ಬೀಳುವ ಸಂಭವ ನಾಲ್ಕರಲ್ಲಿ ಒಂದು. ಪ್ರತಿ ಬಸಿರಿನಲ್ಲಿಯೂ ಅಪಾಯವು ಅಷ್ಟೇ. ಹಿಂದಿನ ಎಸೆತವು ಮುಂದಿನದನ್ನು ಬದಲಿಸದು. ಆದ್ದರಿಂದ ಒಂದು ಕೂಸು ಹೋಯಿತು, ಇನ್ನು ಮೂರಕ್ಕೆ ಭಯವಿಲ್ಲವೆಂದು ನಂಬಬಾರದು.

ಲಕ್ಷಣಗಳು

1. ಹುಟ್ಟಿದ ಮೂರು ತಿಂಗಳೊಳಗೆ ಮುಖ, ಕಾಲು, ಹೊಟ್ಟೆ ಬಾತುಕೊಳ್ಳುವುದು; ಮೂತ್ರ ನೊರೆಯಾಗುವುದು.
2. ಹೊಟ್ಟೆಯ ಎರಡು ಮಗ್ಗುಲಲ್ಲಿಯೂ ಗಡ್ಡೆಯಂತೆ ಕೈಗೆ ಸಿಗುವುದು. ಇದು ಮೂತ್ರಪಿಂಡಗಳಲ್ಲಿ ನೀರುಗುಳ್ಳೆಗಳೆದ್ದು ಅವು ದೊಡ್ಡದಾಗಿರುವ ಚಿಹ್ನೆಯಾಗಿರಬಹುದು.
3. ಅತಿಯಾದ ಮೂತ್ರ, ತೀರದ ಬಾಯಾರಿಕೆ, ಪದೇ ಪದೇ ವಾಂತಿ, ತೂಕ ಏರದಿರುವುದು. ನಮ್ಮ ಜಿಲ್ಲೆಯ ಬಿಸಿಲಿನಲ್ಲಿ ಇದು ಸಹಜವೆಂದು ಕಡೆಗಣಿಸಬೇಡಿ. ಇಂಥ ಕೂಸಿನ ಮೈನೀರು ಬೇಗನೆ ಬತ್ತುತ್ತದೆ.

ಮಾಡಬೇಕಾದುದು

ಹೊಟ್ಟೆಯ ಮೇಲೆ ಬರೆ ಹಾಕಿಸಬೇಡಿ. ಸುಟ್ಟ ಗಾಯವು ಕೀವಾಗಿ ಕೂಸಿನ ಪ್ರಾಣಕ್ಕೇ ಕುತ್ತಾಗಬಹುದು. ಕೂಡಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅಲ್ಲಿಂದ ವೈದ್ಯರ ಸಲಹೆಯಂತೆ ರಾಯಚೂರಿನ ರಿಮ್ಸ್ ಆಸ್ಪತ್ರೆಗೆ ಒಯ್ಯಿರಿ. ಎಲ್ಲ ರೋಗಗಳೂ ಗುಣವಾಗವೆಂಬುದು ನಿಜ. ಆದರೆ ರಕ್ತದಲ್ಲಿ ಆಮ್ಲ ಉಳಿದುಬಿಡುವ ಒಂದು ರೋಗದಲ್ಲಿ, ಕ್ಷಾರದ ಔಷಧವನ್ನು ದಿನವೂ ತಪ್ಪದೆ ಕೊಟ್ಟರೆ ಕೂಸು ಬೆಳೆಯುತ್ತದೆ. ಮೂಳೆಗಳು ಸೊಟ್ಟಗಾಗುವುದು ತಪ್ಪುತ್ತದೆ.

ರೋಗದ ಹೆಸರನ್ನು ಬರೆಯಿಸಿಕೊಂಡು, ಚೀಟಿಗಳನ್ನು ಜೋಪಾನವಾಗಿಡಿ. ಕೂಸಿನ ರಕ್ತದಿಂದ ವಂಶವಾಹಿ ಪರೀಕ್ಷೆ ಮಾಡಿಸುವ ಬಗ್ಗೆ ವೈದ್ಯರನ್ನು ಕೇಳಿರಿ. 2021ರ ರಾಷ್ಟ್ರೀಯ ಅಪರೂಪದ ರೋಗಗಳ ನೀತಿಯಡಿ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯನ್ನು ಇಂಥ ರೋಗಗಳಿಗಾಗಿ ಗುರುತಿಸಲಾಗಿದೆ. ದೋಷ ಯಾವುದೆಂದು ತಿಳಿದಿದ್ದರೆ, ಮುಂದಿನ ಬಸಿರಿನ 11ನೆಯ ವಾರದ ನಂತರ ಗರ್ಭದಲ್ಲಿಯೇ ಪರೀಕ್ಷಿಸಲು ಸಾಧ್ಯ.

ಕೂಸನ್ನು ಕಳೆದುಕೊಂಡವರು ಮರು ಬಸಿರಿಗೆ ಮುನ್ನ, ಗಂಡಹೆಂಡತಿ ಇಬ್ಬರೂ ಕೂಡಿಯೇ ವೈದ್ಯರಲ್ಲಿಗೆ ಬರತಕ್ಕದ್ದು. ಅಲ್ಲಿಯವರೆಗೆ ಕುಟುಂಬ ಕಲ್ಯಾಣದ ತಾತ್ಕಾಲಿಕ ವಿಧಾನವೊಂದನ್ನು ಅನುಸರಿಸಿರಿ. ಬೀಜಗಳೆರಡು, ಹೊಣೆಯೂ ಇಬ್ಬರದು.