ಗೆಳೆತನಕ್ಕೆ ಬೆಲೆ ತೆತ್ತವರು ಯಾರು?

ಸಮಾನರಲ್ಲಿ ಸ್ನೇಹ ಸಹಜವೆಂಬುದು ಹಿರಿಯರ ಮತ. ವಯಸ್ಸು, ವೃತ್ತಿ, ಕುಲ, ಸಂಪತ್ತುಗಳು ಒಂದೇ ಆಗಿರುವಲ್ಲಿ ಕೂಡಿ ಬಾಳುವುದು ಕಷ್ಟವೇನಲ್ಲ. ಆದರೂ ನಮ್ಮ ಕಾವ್ಯಗಳು ಹೆಚ್ಚಾಗಿ ಕೊಂಡಾಡಿರುವುದು ಅಸಮಾನರ ಸ್ನೇಹವನ್ನೇ. ರಾಮನಿಗೆ ಗುಹನೂ ಕೃಷ್ಣನಿಗೆ ಕುಚೇಲನೂ ದುರ್ಯೋಧನನಿಗೆ ಕರ್ಣನೂ ಗೆಳೆಯರಾದರು. ಕುಲವನ್ನೆತ್ತಿ ಹಂಗಿಸಿದ ಸಭೆಯಲ್ಲಿಯೇ ದುರ್ಯೋಧನನು ಕರ್ಣನಿಗೆ ಅಂಗರಾಜ್ಯದ ಪಟ್ಟ ಕಟ್ಟಿದನು. ಕರ್ಣನು ಆ ಋಣವನ್ನು ಪ್ರಾಣವಿತ್ತು ತೀರಿಸಿದನು. ಇಲ್ಲಿ ವಿಚಾರವಂತರಿಗೆ ಒಂದು ಪ್ರಶ್ನೆ ಏಳುತ್ತದೆ: ಹುಟ್ಟಿನ ಗೆರೆಯನ್ನು ದಾಟಿದ ಸ್ನೇಹಕ್ಕೆ ಬೆಲೆ ತೆರುವವರು ಯಾರು? ಈ ಪ್ರಶ್ನೆಯನ್ನು ಹಿಡಿದು ಒಂದು ಚಲನಚಿತ್ರವನ್ನೂ ನಮ್ಮ ಕಲ್ಯಾಣದ ಕಥೆಯನ್ನೂ ಪರಾಮರ್ಶಿಸುವುದು ಈ ಲೇಖನದ ಉದ್ದೇಶ.

ಸಂಕೋಲೆಯ ಸ್ನೇಹ

1958ರಲ್ಲಿ ಅಮೆರಿಕದ ನಿರ್ದೇಶಕ ಸ್ಟ್ಯಾನ್ಲಿ ಕ್ರೇಮರ್ ‘ದಿ ಡಿಫೈಯಂಟ್ ಒನ್ಸ್’ ಎಂಬ ಚಿತ್ರವನ್ನು ತೆರೆಗೆ ತಂದರು. ಆಗ ಆ ದೇಶದ ದಕ್ಷಿಣ ರಾಜ್ಯಗಳಲ್ಲಿ ಬಿಳಿಯರನ್ನೂ ಕಪ್ಪು ಜನರನ್ನೂ ಬೇರ್ಪಡಿಸುವ ಕಾನೂನುಗಳು ಇನ್ನೂ ಜಾರಿಯಲ್ಲಿದ್ದವು. ಒಂದೇ ಸಂಕೋಲೆಯಲ್ಲಿ ಬಿಗಿದ ಇಬ್ಬರು ಕೈದಿಗಳು ಬಂಡಿಯ ಅಪಘಾತದಲ್ಲಿ ತಪ್ಪಿಸಿಕೊಂಡು ಓಡುತ್ತಾರೆ. ಒಬ್ಬನು ಬಿಳಿಯ, ಇನ್ನೊಬ್ಬನು ಕಪ್ಪು ಜನಾಂಗದವನು. ಟೋನಿ ಕರ್ಟಿಸ್ ಮತ್ತು ಸಿಡ್ನಿ ಪಾಯ್ಟಿಯರ್ ಈ ಪಾತ್ರಗಳನ್ನು ವಹಿಸಿದ್ದಾರೆ. ಮೊದಲು ಪರಸ್ಪರ ದ್ವೇಷಿಸುವ ಇವರು ಸರಪಳಿಯ ದೆಸೆಯಿಂದ ಕೂಡಿ ನಡೆಯಲೇಬೇಕಾಗುತ್ತದೆ. ಸರಪಳಿ ಕಳಚಿದ ಮೇಲೆ ಅದು ಸ್ನೇಹವೆಂಬುದು ಇಬ್ಬರಿಗೂ ತಿಳಿಯುತ್ತದೆ. ಗೆಳೆಯನನ್ನು ಅಪಾಯದ ಹಾದಿಗೆ ಕಳುಹಿಸಲಾಗಿದೆಯೆಂದು ಅರಿತ ಬಿಳಿಯನು ಆಶ್ರಯವನ್ನು ತೊರೆದು, ಗುಂಡೇಟು ತಿಂದು, ಅವನ ಬಳಿಗೆ ಬರುತ್ತಾನೆ. ಕೊನೆಯಲ್ಲಿ ಕಪ್ಪು ಕೈದಿ ಓಡುವ ರೈಲನ್ನು ಏರಿ ಗೆಳೆಯನಿಗೆ ಕೈ ನೀಡುತ್ತಾನೆ. ಗಾಯಗೊಂಡ ಬಿಳಿಯನು ಏರಲಾರನು. ಆಗ ಮೇಲಿದ್ದವನೂ ಅವನೊಡನೆ ಕೆಳಗುರುಳಿ ಸೆರೆಯಾಗುತ್ತಾನೆ.

ಈ ಮುಕ್ತಾಯವನ್ನು ಮೆಚ್ಚಿದವರು ಅನೇಕರು. ಆದರೆ ಕಪ್ಪು ಜನಾಂಗದ ಹಿರಿಯ ಲೇಖಕ ಜೇಮ್ಸ್ ಬಾಲ್ಡ್‌ವಿನ್ 1976ರ ತಮ್ಮ ಗ್ರಂಥದಲ್ಲಿ ಬೇರೊಂದು ಸಂಗತಿಯನ್ನು ದಾಖಲಿಸಿದ್ದಾರೆ. ಕಪ್ಪು ಜನರು ವಾಸಿಸುವ ಹಾರ್ಲೆಮ್‌ನಲ್ಲಿ ಪ್ರೇಕ್ಷಕರು ಈ ದೃಶ್ಯ ಕಂಡು ಸಿಟ್ಟಾಗಿ, ಮರಳಿ ರೈಲನ್ನೇರೆಂದು ಕೂಗಿಕೊಂಡರಂತೆ. ಅವರ ಸಿಟ್ಟಿಗೆ ಕಾರಣವಿತ್ತು. ಶತಮಾನಗಳಿಂದ ಕಳೆದುಕೊಂಡವನೇ ಕಟ್ಟಕಡೆಗೆ ಸ್ವಾತಂತ್ರ್ಯವನ್ನೂ ಕಳೆದುಕೊಳ್ಳಬೇಕೆ? ನೋಡಿ ಕಣ್ಣೊರೆಸಿಕೊಂಡ ಬಿಳಿಯ ಪ್ರೇಕ್ಷಕನು ಮನೆಗೆ ಮರಳಿದಾಗ ಅವನ ಮನೆಯ ಬಾಗಿಲು ಹಿಂದಿನಂತೆಯೇ ಮುಚ್ಚಿರುತ್ತದೆಯಲ್ಲವೆ?

ಕಾಲಿಗೆ ಮೆಟ್ಟದ ಪಾದರಕ್ಷೆ

ಇನ್ನು ನಮ್ಮ ಜಿಲ್ಲೆಯ ಬಸವಕಲ್ಯಾಣಕ್ಕೆ ಬರೋಣ. ಸಮಗಾರ ಹರಳಯ್ಯನವರು ‘ಶರಣು’ ಎಂದಾಗ ಬಸವಣ್ಣನವರು ‘ಶರಣು ಶರಣಾರ್ಥಿ’ ಎಂದು ಮರುನುಡಿದರೆಂಬ ಕಥೆ ಎಲ್ಲರಿಗೂ ತಿಳಿದದ್ದೇ. ಒಂದು ಹೆಚ್ಚಿನ ಶರಣನ್ನೇ ಭಾರವಾದ ಋಣವೆಂದು ತಿಳಿದು ಹರಳಯ್ಯ ಮತ್ತು ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆ ಮಾಡಿ ತಂದರು. ಬಸವಣ್ಣನವರು ಅವನ್ನು ಮೆಟ್ಟಲಿಲ್ಲ, ತಲೆಯ ಮೇಲಿರಿಸಿಕೊಂಡರು. ಈ ಕಥೆಯನ್ನು ದಂಪತಿಗಳ ಭಕ್ತಿಗೆ ನಿದರ್ಶನವೆಂದು ಹೇಳುವುದು ವಾಡಿಕೆ. ಆದರೆ ಕಥೆಯ ತಿರುಳು ಬಸವಣ್ಣನವರ ನಿರಾಕರಣೆಯಲ್ಲಿಯೂ ಇದೆ. ಕೆಳಗಿಟ್ಟ ಕುಲದವರು ಮೈಯನ್ನೇ ಕೊಯ್ದು ಕೊಟ್ಟ ತ್ಯಾಗವನ್ನು ಮೇಲಿನವರು ಕಾಲಡಿಗೆ ಹಾಕಿ ಅನುಭವಿಸಬಾರದು. ಹಾರ್ಲೆಮ್‌ನ ಪ್ರೇಕ್ಷಕರ ಸಿಟ್ಟಿಗೆ ನಮ್ಮ ಶರಣಕಥೆಯಲ್ಲಿ ಇಂತಹ ಉತ್ತರವಿದೆ.

ಮುಂದೆ ಹರಳಯ್ಯನವರ ಮಗ ಶೀಲವಂತನಿಗೂ ಬಿಜ್ಜಳನ ಆಸ್ಥಾನದಲ್ಲಿ ಮಂತ್ರಿಯಾಗಿದ್ದು ಶರಣರಾದ, ಬ್ರಾಹ್ಮಣ ಕುಲದ ಮಧುವರಸರ ಮಗಳಿಗೂ ಮದುವೆಯಾಯಿತು. ಧರ್ಮಶಾಸ್ತ್ರಗಳು ಇದನ್ನು ಪ್ರತಿಲೋಮವೆಂದು ಖಂಡಿಸಿದ್ದವು. ಸಂಪ್ರದಾಯಸ್ಥರ ದೂರಿನ ಮೇಲೆ, 1167ರ ಸುಮಾರಿನಲ್ಲಿ, ಎಳೆಹೂಟೆಯ ಘೋರ ಶಿಕ್ಷೆಯಾಯಿತು. ಆ ಶಿಕ್ಷೆ ಹರಳಯ್ಯನವರಿಗೆ ಎಷ್ಟೋ ಮಧುವರಸರಿಗೂ ಅಷ್ಟೇ. ಮಧುವರಸರು ಪದವಿ, ಬಂಧುಬಳಗ, ಪ್ರಾಣ ಎಲ್ಲವನ್ನೂ ತೆತ್ತರು. ಬೆಲೆ ಸಮನಾಗಿ ಹಂಚಿಹೋದುದರಿಂದಲೇ ಇದು ಲೋಕದ ಸ್ನೇಹಕಥೆಗಳಲ್ಲಿ ವಿರಳವಾದದ್ದು.

ರಂಗದ ಮೇಲಿನ ಹೊಸ್ತಿಲು

ಗಿರೀಶ ಕಾರ್ನಾಡರ ‘ತಲೆದಂಡ’ (1990) ಇದೇ ವಸ್ತುವಿನ ನಾಟಕ. ಅದಕ್ಕೆ 1994ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಅದರ ಮೊದಲ ದೃಶ್ಯವನ್ನು ಅಧ್ಯಾಪಕರು ಗಮನಿಸಬೇಕು. ಬ್ರಾಹ್ಮಣ ತರುಣ ಜಗದೇವನ ತಂದೆ ಮರಣಶಯ್ಯೆಯಲ್ಲಿದ್ದಾನೆ. ಜಗದೇವನು ಚರ್ಮಗಾರಿಕೆಯ ಕುಲದ ಗೆಳೆಯ ಮಲ್ಲಿಬೊಮ್ಮನನ್ನು ಅಗ್ರಹಾರದ ತನ್ನ ಮನೆಯೊಳಗೆ ಬರಲೇಬೇಕೆಂದು ಒತ್ತಾಯಿಸುತ್ತಾನೆ. ಮಲ್ಲಿಬೊಮ್ಮನು ಅಂಜುತ್ತಾನೆ. ಒಬ್ಬನಿಗೆ ಹೊಸ್ತಿಲು ತನ್ನ ಶೌರ್ಯದ ಪ್ರದರ್ಶನ, ಇನ್ನೊಬ್ಬನಿಗೆ ನಿಜವಾದ ಭಯ. ಗೆಳೆಯನ ಭಯವನ್ನು ಕೇಳಿಸಿಕೊಳ್ಳದ ಉತ್ಸಾಹವು ಸ್ನೇಹವೋ, ತನ್ನ ಹಿರಿಮೆಯ ಮೆರವಣಿಗೆಯೋ? ಜಗದೇವನ ಆ ಆವೇಶವು ಕಡೆಗೆ ಬಿಜ್ಜಳನ ಕೊಲೆಯಲ್ಲಿ ಮುಗಿಯುವುದು ಆಕಸ್ಮಿಕವೆನಿಸುವುದಿಲ್ಲ. ಮದುವೆಯ ಸುದ್ದಿ ಕೇಳಿ ಮುಂದಿನ ರಕ್ತಪಾತವನ್ನು ನೆನೆದು ಹಿಂಜರಿಯುವ, ಬಳಿಕ ಒಪ್ಪಿ ಬೆಂಬಲಿಸುವ ಬಸವಣ್ಣನ ಪಾತ್ರವನ್ನು ಇದರ ಪಕ್ಕದಲ್ಲಿಟ್ಟು ಓದಿಸಿದರೆ ವಿದ್ಯಾರ್ಥಿಗಳಿಗೆ ವ್ಯತ್ಯಾಸ ಸ್ಪಷ್ಟವಾಗುವುದು.

ನಮ್ಮ ನಾಡಿಗೆ ಪಾಠ

ಔರಾದ ತಾಲೂಕಿನ ಎಕಂಬಾದಂತಹ ಗಡಿಯ ಊರುಗಳಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದು ಮಾತುಗಳು ಒಂದೇ ಸಂತೆಯಲ್ಲಿ ಕೇಳಿಬರುತ್ತವೆ. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕವಿಟ್ಟು ಒಳಗೆ ಕನ್ನಡ ಕಲಿಸಿದ ಭಾಲ್ಕಿ ಹಿರೇಮಠದ ಪೂಜ್ಯ ಚನ್ನಬಸವ ಪಟ್ಟದ್ದೇವರು (1889–1999) ಜಾತಿಭೇದವೆಣಿಸದೆ ಮಕ್ಕಳಿಗೆ ಅನ್ನ, ಅಕ್ಷರಗಳನ್ನಿತ್ತರು. ಮಠದ ಶಾಲೆಗಳಲ್ಲಿ ಮಕ್ಕಳು ಒಂದೇ ಪಂಕ್ತಿಯಲ್ಲಿ ಪ್ರಸಾದ ಸ್ವೀಕರಿಸುವುದು ಈ ಪರಂಪರೆಯ ಫಲ. ಇದಕ್ಕೆ ಕಾರಣರಾದ ದಾಸೋಹಿಗಳ ಪುಣ್ಯ ದೊಡ್ಡದು.

ಆದರೆ ಪಂಕ್ತಿಯೂ ಒಂದರ್ಥದಲ್ಲಿ ಸರಪಳಿಯೇ. ಅಲ್ಲಿ ನಿಯಮವು ಮಕ್ಕಳನ್ನು ಕೂಡಿಸಿರುತ್ತದೆ. ಶಾಲೆ ಬಿಟ್ಟ ಮೇಲೆ, ನಿಯಮ ಕಳಚಿದ ಮೇಲೆ, ಸ್ನೇಹದ ಪರೀಕ್ಷೆ. ಹಳೆಯ ವಿದ್ಯಾರ್ಥಿಗಳು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎರಡು. ಅಂದು ಪಕ್ಕದಲ್ಲಿ ಕುಳಿತು ಉಂಡ ಗೆಳೆಯನು ಇಂದು ನಮ್ಮ ಮನೆಯ ಮದುವೆಯಲ್ಲಿ ಯಾವ ಪಂಕ್ತಿಯಲ್ಲಿದ್ದಾನೆ? ಅವನ ಮನೆಯ ಹೊಸ್ತಿಲನ್ನು ನಾವು ಎಷ್ಟು ಸಲ ದಾಟಿ ಅವನ ತಾಯಿ ಬಡಿಸಿದ್ದನ್ನು ಉಂಡಿದ್ದೇವೆ? ಎರಡನೆಯದಕ್ಕೆ ಉತ್ತರ ಸಿಕ್ಕಿದರೆ ಮೊದಲನೆಯದು ತಾನಾಗಿಯೇ ಬಗೆಹರಿಯುವುದು.