‘ಸಾಹಸಿ’ ಎಂದು ಬರೆಯುವ ಮುನ್ನ

ತಮ್ಮಾ, ಪತ್ರಿಕೆಯ ಡೆಸ್ಕಿನಲ್ಲಿ ತಲೆಬರಹ ಕೊಡುವ ಕೆಲಸ ನಿನ್ನ ಪಾಲಿಗೆ ಬಂದಿದೆಯೆಂದು ನಿಮ್ಮಪ್ಪ ಹೇಳಿದ. ಒಳ್ಳೆಯದಾಯಿತು. ಆ ಕುರ್ಚಿಯಲ್ಲಿ ಕೂತವರ ಕೈಗೆ ದಿನಕ್ಕೆರಡು ಸಲವಾದರೂ ಸಿಗುವ ಪದ ‘ಸಾಹಸಿ’. ಅದರ ಬಗ್ಗೆ ನಿನಗೆ ನಾಲ್ಕು ಮಾತು ಹೇಳಬೇಕೆನಿಸಿತು. ಈಗ ಆ ಪದ ತೀರಾ ಅಗ್ಗವಾಗಿಬಿಟ್ಟಿದೆ. ರೆಸಾರ್ಟಿನ ಜಿಪ್‌ಲೈನಿನಲ್ಲಿ ಜಾರಿದವನೂ ಸಾಹಸಿ, ಮಳೆಗಾಲದಲ್ಲಿ ಜಲಪಾತದ ಪಾಚಿಗಟ್ಟಿದ ಬಂಡೆಯ ಮೇಲೆ ನಿಂತು ರೀಲ್ಸ್ ಮಾಡಿದವನೂ ಸಾಹಸಿ.

ಪದದ ಹಳೆಯ ಕಥೆ ಕೇಳಿದರೆ ನಿನಗೆ ನಗು ಬಂದೀತು. ಸಂಸ್ಕೃತದಲ್ಲಿ ‘ಸಹಸ್’ ಎಂದರೆ ಬಲ. ಆ ಬಲ ಬಳಸಿ ಮಾಡಿದ್ದು ಸಾಹಸ, ಅಂದರೆ ದೌರ್ಜನ್ಯ. ಮನುಸ್ಮೃತಿ ಎಣಿಸುವ 18 ಬಗೆಯ ವ್ಯಾಜ್ಯಗಳಲ್ಲಿ ಸಾಹಸವೂ ಒಂದು. ಒಡೆಯನ ಕಣ್ಣೆದುರೇ ಜಬರದಸ್ತಿಯಿಂದ ಕಿತ್ತುಕೊಂಡರೆ ಸಾಹಸ, ಕಣ್ತಪ್ಪಿಸಿ ಒಯ್ದರೆ ಕಳವು. ಇಂಥ ಸಾಹಸ ಮಾಡುವ ‘ಸಾಹಸಿಕ’ ಕಳ್ಳನಿಗಿಂತ ಹೆಚ್ಚಿನ ಪಾಪಿ ಎಂಬುದು ಆ ಗ್ರಂಥದ ತೀರ್ಪು. ನಾವು ಮೆಚ್ಚಿ ಬಳಸುವ ‘ಸಾಹಸಿಗ’ ಆ ಸಾಹಸಿಕನೇ, ಕಕಾರ ಗಕಾರವಾಗಿದೆ ಅಷ್ಟೆ. ದಂಡದ ಮೆಟ್ಟಿಲುಗಳಿಗೂ ಇದೇ ಹೆಸರಿತ್ತು. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ‘ಉತ್ತಮ ಸಾಹಸ’ ಎಂದರೆ 1080 ಪಣ. ಶಹಬ್ಬಾಸ್‌ಗಿರಿಯಲ್ಲ, ಎಲ್ಲಕ್ಕಿಂತ ದೊಡ್ಡ ಜುಲ್ಮಾನೆ!

ಆ ಸ್ಮೃತಿಗೆ ವಿಜ್ಞಾನೇಶ್ವರ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದದ್ದು ನಮ್ಮ ಕಲ್ಯಾಣದಲ್ಲಿ, ಈಗಿನ ಬಸವಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲಕ್ಕೆ. ಅದಕ್ಕೂ ಸುಮಾರು ನೂರು ವರ್ಷ ಮೊದಲು ಅದೇ ಮನೆತನದ ಸತ್ಯಾಶ್ರಯನನ್ನು ರನ್ನ ಭೀಮನಿಗೆ ಸರಿಗಟ್ಟಿ ಹಾಡಿದ. ಅವನ ಆ ಕಾವ್ಯ ‘ಗದಾಯುದ್ಧ’ದ ಇನ್ನೊಂದು ಹೆಸರೇ ‘ಸಾಹಸಭೀಮವಿಜಯ’. ಒಂದೇ ಅರಸು ಮನೆತನದ ಆಸರೆಯಲ್ಲಿ ‘ಸಾಹಸ’ ಕವಿಯ ಬಾಯಲ್ಲಿ ಬಿರುದು, ನ್ಯಾಯ ಬಲ್ಲವನ ಓಲೆಯಲ್ಲಿ ಅಪರಾಧ. ಭೀಮನನ್ನೇ ನೋಡು. ಸೊಂಟದ ಕೆಳಗೆ ಹೊಡೆಯಬಾರದೆಂಬುದು ಗದಾಯುದ್ಧದ ಕಟ್ಟಳೆ. ಅವನು ಹೊಡೆದದ್ದು ತೊಡೆಗೆ. ಪದದ ಎರಡೂ ಅರ್ಥ ಆ ಒಂದೇ ಪೆಟ್ಟಿನಲ್ಲಿವೆ. ರನ್ನನಿಗೆ ಇದು ಗೊತ್ತಿರಲಿಲ್ಲವೆಂದು ನಾನಂತೂ ನಂಬುವುದಿಲ್ಲ.

ಆಮೇಲೆ ಕನ್ನಡದ ಮಂದಿ ಪದವನ್ನು ತೊಳೆದು ಹಸನು ಮಾಡಿಕೊಂಡರು. ಕೆಟ್ಟದ್ದಕ್ಕೆ ‘ದುಸ್ಸಾಹಸ’ ಎಂದು ಬೇರೆ ಗೂಡು ಕೊಟ್ಟರು. ಏಗಿ ಏಗಿ ಸುಸ್ತಾಗುವುದಕ್ಕೆ ‘ಹರಸಾಹಸ’ ಬಂತು. ಕಾಡಾನೆ ಓಡಿಸಲು ಅರಣ್ಯ ಸಿಬ್ಬಂದಿಯ ಹರಸಾಹಸ, ಬಸ್ಸಿನ ಸೀಟಿಗೆ ಪ್ರಯಾಣಿಕರ ಹರಸಾಹಸ, ಟಿಕೆಟ್ಟಿಗೆ ಆಕಾಂಕ್ಷಿಗಳ ಹರಸಾಹಸ. ಇದನ್ನು ಬರೆಯದೆ ನಿನ್ನ ನೌಕರಿ ಸಾಗುವುದಿಲ್ಲ, ಬರೆ, ಬೇಡವೆನ್ನುವುದಿಲ್ಲ. ಸಿನಿಮಾದವರು ಹೊಡೆದಾಟ ಕಲಿಸುವವರ ಹೆಸರಿನ ಹಿಂದೆ ‘ಸಾಹಸ’ ಎಂದು ಹಾಕಿದರು, ವಿಷ್ಣುವರ್ಧನ್ ಸಾಹಸಸಿಂಹರಾದರು. ಅಲ್ಲಿಗೆ ಅದು ಸಲ್ಲುತ್ತದೆ.

ನನ್ನ ತಕರಾರು ಇಷ್ಟೇ: ಹುಂಬನನ್ನು ಸಾಹಸಿ ಎನ್ನಬೇಡ. ‘ಹುಂಬ’ ಎಂಥ ಒಳ್ಳೆಯ ಕನ್ನಡ ಪದ, ಯಾಕೆ ಮೂಲೆಗೆ ಹಾಕಿದ್ದೀರಿ? ‘ಭಂಡಧೈರ್ಯ’ ಇದೆ, ‘ಮೊಂಡುಧೈರ್ಯ’ ಇದೆ. ಇವನ್ನೆಲ್ಲ ಬಿಟ್ಟು ಬಂಡೆಯ ತುದಿಯ ಹುಡುಗನಿಗೆ ನೀನು ಬಿರುದು ಕೊಟ್ಟರೆ, ಮರುವಾರ ಅದೇ ಬಂಡೆಯ ಮೇಲೆ ಇನ್ನಿಬ್ಬರು ನಿಲ್ಲುತ್ತಾರೆ. ಅದರಲ್ಲಿ ನಿನ್ನ ಪಾಲೂ ಇರುತ್ತದೆ.

ಹಾಗಾದರೆ ಯಾರನ್ನು ಅನ್ನಬೇಕು? 2017ರ ಸೆಪ್ಟೆಂಬರಿನಲ್ಲಿ ನೌಕಾಪಡೆಯ ಆರು ಹೆಣ್ಣುಮಕ್ಕಳು ‘ತಾರಿಣಿ’ ಎಂಬ ಹಾಯಿದೋಣಿಯಲ್ಲಿ ಗೋವಾ ಬಿಟ್ಟರು. ವರ್ತಿಕಾ ಜೋಶಿ ಅವರ ನಾಯಕಿ. ದೋಣಿ ಎಂದರೆ ಬರೀ 56 ಅಡಿ. ಕೇಪ್ ಹಾರ್ನ್ ಸುತ್ತಿ, ಭೂಮಿಯನ್ನೇ ಬಳಸಿ, 2018ರ ಮೇ 21ಕ್ಕೆ ಗೋವಾಕ್ಕೇ ಮರಳಿದರು. ಆದರೆ ನೀನು ಗಮನಿಸಬೇಕಾದ್ದು ಬೇರೆ. ಹೊರಡುವ ಮೊದಲೇ ಅವರು ‘ಮ್ಹಾದೇಯಿ’ ಎಂಬ ಇನ್ನೊಂದು ದೋಣಿಯಲ್ಲಿ ಕಡಲಿನಲ್ಲಿ ಪಳಗಿದ್ದರು. (ನಮ್ಮ ಖಾನಾಪುರದ ಕಡೆ ಹುಟ್ಟುವ ಮಹದಾಯಿಯ ಹೆಸರೇ ಅದು. ರಾಜ್ಯಗಳು ಕಚ್ಚಾಡುವ ಹೊಳೆ ಲೋಕ ಸುತ್ತುವವರಿಗೆ ಪಾಠ ಹೇಳಿತು ನೋಡು!) ಹಿಂದಿರುಗುವಾಗ ಹಿಂದೂ ಮಹಾಸಾಗರದಲ್ಲಿ ಚುಕ್ಕಾಣಿ ಕೈಕೊಟ್ಟಿತು. ಊರು ಹತ್ತಿರವಾಯಿತು, ಹೇಗೋ ಹೋಗಿಬಿಡೋಣ ಎನ್ನಲಿಲ್ಲ. ಯೋಜನೆಯಲ್ಲಿ ಇಲ್ಲದಿದ್ದರೂ ಮಾರಿಷಸ್ಸಿನ ಪೋರ್ಟ್ ಲೂಯಿಗೆ ತಿರುಗಿಸಿ, ರಿಪೇರಿ ಮಾಡಿಸಿಕೊಂಡು ಹೊರಟರು. ಕೇಪ್ ಹಾರ್ನಿನ ಅಲೆಗಿಂತ ಈ ತಿರುವೇ ನನಗೆ ದೊಡ್ಡದಾಗಿ ಕಾಣುತ್ತದೆ.

ಆದ್ದರಿಂದ ವರದಿಗಾರ ಕಳಿಸಿದ ಸುದ್ದಿಯಲ್ಲಿ ತಯಾರಿಯ ಮಾತು ಹುಡುಕು. ಹಗ್ಗ ಯಾರು ಹಿಡಿದಿದ್ದರು, ಎಷ್ಟು ಕಾಲ ಕಲಿತ, ಹವೆ ಕೆಟ್ಟರೆ ವಾಪಸಾಗುವ ದಾರಿ ಯಾವುದಿತ್ತು? ಒಂದಕ್ಕೂ ಉತ್ತರವಿಲ್ಲದಿದ್ದರೆ ಆ ಪದ ಅಲ್ಲಿಗಲ್ಲ. ಪ್ರವಾಹದಲ್ಲಿ ಕೊಚ್ಚಿಹೋಗುವವನ ಹಿಂದೆ ಧುಮುಕಿದ ಊರ ಈಜುಗಾರನಿಗೆ ಬೇಕಾದರೆ ಧಾರಾಳವಾಗಿ ಕೊಡು. ಆ ಹೊಳೆಯ ಸುಳಿಗಳನ್ನು ಅವನು ಚಿಕ್ಕಂದಿನಿಂದ ಬಲ್ಲ, ಅದೇ ಅವನ ತಯಾರಿ. ಗಡಿ ಕಾಯುವವನಿಗೆ ‘ವೀರ’, ‘ಯೋಧ’ ಸಾಕು.

ಇನ್ನೊಂದು ಸಣ್ಣ ವಿಷಯ. ‘ಸಾಹಸಿ’ ಗಂಡಿಗೂ ಹೆಣ್ಣಿಗೂ ಒಂದೇ. ‘ಸಾಹಸಿ ಮಹಿಳೆ’, ‘ದಿಟ್ಟ ಸಾಹಸಿ ನಾರಿ’ ಎಂದೆಲ್ಲ ಬಾಲ ಕಟ್ಟಬೇಡ. ಜಾಗ ಉಳಿದರೆ ಅವಳ ಹೆಸರು ಹಾಕು, ಊರು ಹಾಕು, ಎಷ್ಟು ಎತ್ತರ ಹತ್ತಿದಳು ಎಂದು ಹಾಕು.